ಟೊಳ್ಳು ಮರದ ಭಾರ

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತು ನಿಮಿಷ ಅಂತ ಹೇಳಿದ್ದರು. ಸಿನಿಮಾ ತಡವಾಗಿ ಶುರುವಾಯಿತು, ಈಗ ಇಪ್ಪತ್ತು ಅನ್ನುತ್ತಿದ್ದಾರೆ. ಇರಲಿ. ಬರೆದುಕೊಂಡು ಬಂದ ಹಾಳೆಯನ್ನು ಹೇಗೂ ಜೇಬಿಗೆ ಹಾಕಿಬಿಟ್ಟೆ. ಯಾಕೆ ಗೊತ್ತಾ? ನೀವು ನಕ್ಕಿರಿ.

ಈಗ ನೋಡಿದ 1958ರ ‘ಹರ್ಕ್ಯುಲಿಸ್’ನ ಶುರುವಿನಲ್ಲೇ, ರಥದ ಕುದುರೆಗಳು ಬೆದರಿ ಓಡುತ್ತವೆ. ರಾಜಕುಮಾರಿಯನ್ನು ಉಳಿಸಲು ನಾಯಕ ಸ್ಟೀವ್ ರೀವ್ಸ್ ಒಂದು ಮರ ಕಿತ್ತು ದಾರಿಗೆ ಎಸೆಯುತ್ತಾನೆ. ಇಡೀ ಹಾಲ್ ಗೊಳ್ಳೆಂದಿತು. ಮರ ಟೊಳ್ಳು ಅಂತ ನಿಮಗೆ ಗೊತ್ತಾಯಿತು, ಸರಿ. ಅದು ಅವನಿಗೂ ಗೊತ್ತಿತ್ತು, ಅಲ್ವಾ? ನಿಜವಾದ ಅಕ್ಕಿ ಮೂಟೆ ಹೊತ್ತವನಿಗೆ ನಟನೆ ಬೇಕಿಲ್ಲ. ಕತ್ತಿನ ನರ ಉಬ್ಬಿಸುವ ಕೆಲಸವನ್ನು ಮೂಟೆಯೇ ಮಾಡುತ್ತದೆ. ಟೊಳ್ಳು ಮರಕ್ಕೆ ಭಾರ ತುಂಬಬೇಕಾದವನು ಮಾತ್ರ ನಟ. ರೀವ್ಸ್‌ಗೆ ಸಂಭಾಷಣೆ ಹೇಳುವ ಕಷ್ಟವೂ ಇರಲಿಲ್ಲ, ಇಂಗ್ಲಿಷ್‌ನಲ್ಲಿ ನೀವು ಕೇಳಿದ ದನಿಯೂ ಬೇರೆಯವರದು. 1947ರ ಮಿಸ್ಟರ್ ಅಮೆರಿಕ, 1950ರ ಮಿಸ್ಟರ್ ಯೂನಿವರ್ಸ್. ಅವನ ಬಂಡವಾಳವೆಲ್ಲ ಮೈ. ಆ ಮೈಯಿಂದಲೇ ಭಾರ ತೋರಿಸಬೇಕಿತ್ತು.

ಇಟಲಿಯಲ್ಲಿ ತಯಾರಾದ ಇಂಥ ಜಟ್ಟಿ ಚಿತ್ರಗಳಿಗೆ ಫ್ರೆಂಚ್ ವಿಮರ್ಶಕರು ‘ಪೆಪ್ಲಮ್’ ಅಂತ ಹೆಸರಿಟ್ಟರು. ಪೆಪ್ಲೋಸ್ ಅಂದರೆ ಹಳೇ ಗ್ರೀಸಿನ ಹೆಂಗಸರು ಉಡುತ್ತಿದ್ದ ಬಟ್ಟೆ. ಜಟ್ಟಿಗಳ ಸಿನಿಮಾಕ್ಕೆ ಹೆಂಗಸರ ಉಡುಪಿನ ಹೆಸರು! ಆ ವಿಮರ್ಶಕರೂ ನಿಮ್ಮ ಹಾಗೆ ನಕ್ಕಿದ್ದರೋ ಏನೋ.

ನನ್ನ ಮಾತಿಗೆ ಸಾಕ್ಷಿ ಬೇಕಾದರೆ 1914ಕ್ಕೆ ಹೋಗಬೇಕು. ಜೊವಾನ್ನಿ ಪಸ್ತ್ರೋನೆ ‘ಕಬೀರಿಯಾ’ ಎಂಬ ಭಾರೀ ಮೂಕಿ ಚಿತ್ರ ಮಾಡಿದ. ಅದರಲ್ಲಿ ಮಚೀಸ್ತೆ ಅನ್ನುವ ಗುಲಾಮನ ಪಾತ್ರವಿದೆ. ಆ ಪಾತ್ರ ಮಾಡಿದ ಬಾರ್ತೊಲೊಮಿಯೊ ಪಗಾನೊ ಜಿನೋವಾ ಬಂದರಿನ ಕೂಲಿ, ನಮ್ಮ ಮಾತಿನಲ್ಲಿ ಹಮಾಲಿ. ಭಾರ ಅಂದರೆ ಏನು ಅಂತ ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಜನ ನಾಯಕನನ್ನು ಬಿಟ್ಟು ಗುಲಾಮನನ್ನೇ ಹಿಡಿದುಕೊಂಡರು. ಆಮೇಲೆ ಮಚೀಸ್ತೆಯ ಹೆಸರಿನಲ್ಲೇ ಸಾಲು ಸಾಲು ಚಿತ್ರಗಳು ಬಂದವು. ಅದರಲ್ಲಿ ಒಂದು, ಇಟಲಿಯ ದೊಡ್ಡ ನಿರ್ದೇಶಕ ಫೆಲಿನಿಗೆ ನೆನಪಿದ್ದ ಮೊದಲ ಸಿನಿಮಾ.

1960ರ ಹೊತ್ತಿಗೆ ಆ ಮಚೀಸ್ತೆ ಮತ್ತೆ ಎದ್ದುಬಂದ. ನನ್ನ ಮೆಚ್ಚಿನ ಕತೆ ಇಲ್ಲಿದೆ, ಹೇಳದೆ ಬಿಡುವುದಿಲ್ಲ. 1962ರಲ್ಲಿ ರಿಕಾರ್ಡೊ ಫ್ರೆಡಾ ಒಂದು ಮಚೀಸ್ತೆ ಚಿತ್ರ ಮಾಡಿದ. ನಾಯಕ ಕರ್ಕ್ ಮಾರಿಸ್. ಹೆಸರು ಕೇಳಿ ಅಮೆರಿಕದವನು ಅಂದುಕೊಳ್ಳಬೇಡಿ, ಅವನು ಆದ್ರಿಯಾನೊ ಬೆಲ್ಲಿನಿ, ವೆನಿಸ್‌ನಲ್ಲಿ ದೋಣಿ ನಡೆಸುತ್ತಿದ್ದವನು. ಕತೆ ನಡೆಯುವುದು ಹದಿನೇಳನೇ ಶತಮಾನದ ಸ್ಕಾಟ್ಲೆಂಡಿನಲ್ಲಿ. ಊರಿನವರೆಲ್ಲ ದಪ್ಪ ಬಟ್ಟೆ ತೊಟ್ಟಿದ್ದಾರೆ. ಈ ಪುಣ್ಯಾತ್ಮ ಸೊಂಟಕ್ಕೊಂದು ತುಂಡು ಬಟ್ಟೆ ಸುತ್ತಿಕೊಂಡು ಬರುತ್ತಾನೆ. ‘ಎಲ್ಲಿಂದ ಬಂದೆಯಪ್ಪಾ, ಚಳಿ ಆಗಲ್ವಾ’ ಅಂತ ಒಬ್ಬರೂ ಕೇಳುವುದಿಲ್ಲ! ಶಾಪ ಹಿಡಿದ ಒಂದು ಮರ ಕೀಳುತ್ತಾನೆ. ಹೌದು, ಮತ್ತೆ ಮರ. ಅದರ ಬುಡದಲ್ಲಿ ನರಕಕ್ಕೆ ದಾರಿ. ನರಕದಲ್ಲಿ ಅವನಿಗೆ ಮರೆವು ಬರುತ್ತದೆ. ಹಳೆಯದೆಲ್ಲ ನೆನಪಾಗಬೇಕಲ್ಲ, ಆಗ ಹಿಂದಿನ ಮಚೀಸ್ತೆ ಚಿತ್ರಗಳ ತುಣುಕುಗಳನ್ನೇ ತೋರಿಸುತ್ತಾರೆ. ಅವುಗಳಲ್ಲಿ ಕೆಲವದರಲ್ಲಿ ಇರುವವರು ಬೇರೆ ನಟರು! ಮೈ ಒಬ್ಬನದು, ನೆನಪು ಇನ್ನೊಬ್ಬನದು.

ನಗಿ, ಇದಕ್ಕೆ ನಗಿ, ನಾನೂ ನಗುತ್ತೇನೆ. ಆದರೆ ನೋಡಿ, ಬಂದರಿನ ಹಮಾಲಿ, ವೆನಿಸ್‌ನ ಅಂಬಿಗ. ಇಬ್ಬರೂ ಮೈ ಮುರಿದು ದುಡಿದವರು. ಮರ ಟೊಳ್ಳಾದರೂ ಬೆನ್ನು ಟೊಳ್ಳಲ್ಲ. ಅಮೆರಿಕದ ವಿತರಕರಿಗೆ ಇದು ಬೇಕಿರಲಿಲ್ಲ. ಮಚೀಸ್ತೆ ಯಾರೆಂದು ಅಲ್ಲಿನವರಿಗೆ ಗೊತ್ತಿಲ್ಲ ಅಂತ ಒಂದು ಕಡೆ ಸ್ಯಾಮ್ಸನ್, ಇನ್ನೊಂದು ಕಡೆ ಗೋಲಿಯತ್, ಮತ್ತೊಂದು ಕಡೆ ಅಟ್ಲಾಸ್ ಅಂತ ಹೆಸರು ಅಂಟಿಸಿದರು. ಹಮಾಲಿಯ ಹೆಸರೇ ಅಳಿಸಿಹೋಯಿತು. ನೀವು ಈಗ ನೋಡಿದ ಚಿತ್ರವನ್ನು ಜೋಸೆಫ್ ಲಿವೀನ್ ಅಲ್ಲಿಗೆ ಕೊಂಡುಹೋದ. ಕೊಂಡದ್ದಕ್ಕಿಂತ ಎಷ್ಟೋ ಪಟ್ಟು ದುಡ್ಡನ್ನು ಜಾಹೀರಾತಿಗೆ ಸುರಿದು, 1959ರಲ್ಲಿ ಗೆದ್ದ. ಇಟಲಿಯಲ್ಲಿ ಜಟ್ಟಿಗಳಿಗೆ ಬೇಡಿಕೆ ಜೋರಾದದ್ದು ಆಮೇಲೆ.

ಚೀಟಿ ಬಂತು. ಐದು ನಿಮಿಷವಂತೆ.

ಹಾಗಾದರೆ ಓಡುತ್ತೇನೆ. ಇವತ್ತಿನ ಚಿತ್ರದ ಕ್ಯಾಮೆರಾ ಮಾರಿಯೊ ಬಾವಾನದು. ಯಾರ ಭಾವನೂ ಅಲ್ಲ, ಹೆಸರೇ ಬಾವಾ. ಮುಂದೆ 1961ರಲ್ಲಿ ಅವನೇ ಒಂದು ಹರ್ಕ್ಯುಲಿಸ್ ಚಿತ್ರ ನಿರ್ದೇಶಿಸಿದ. ಅದರಲ್ಲಿ ಕೆಂಪು, ನೀಲಿ, ಹಸಿರು ಬೆಳಕು ಚೆಲ್ಲಿಯೇ ಪಾತಾಳ ಕಟ್ಟಿದ. ಅದರ ನಾಯಕ ರೆಗ್ ಪಾರ್ಕ್, ಹುಡುಗ ಶ್ವಾರ್ಜನೆಗರ್‌ನ ಆರಾಧ್ಯ ದೈವ. ನಿರ್ದೇಶಕ ಸೆರ್ಜೊ ಲಿಯೋನೆ ಕೂಡ ಈ ಗರಡಿಯವನೇ. 1961ರಲ್ಲಿ ಇಂಥದೇ ಚಿತ್ರ ಮಾಡಿದ, 1964ರಲ್ಲಿ ಕುದುರೆ ಸವಾರರ ಕಡೆ, ಅಂದರೆ ವೆಸ್ಟರ್ನ್ ಚಿತ್ರಗಳ ಕಡೆ ತಿರುಗಿದ. ನಿರ್ಮಾಪಕರೂ ಅವನ ಹಿಂದೆ ಹೋದರು. ಜಟ್ಟಿಗಳ ಕಾಲ ಮುಗಿಯಿತು. ಅದೇ 1964ರಲ್ಲಿ ನಮ್ಮ ದಾರಾ ಸಿಂಗ್ ಹಿಂದಿಯಲ್ಲಿ ಹರ್ಕ್ಯುಲಿಸ್ ಆಗಿದ್ದ, ಸ್ಯಾಮ್ಸನ್ ಕೂಡ ಆಗಿದ್ದ. ಅದಕ್ಕೇ ಒಂದು ಸಂಜೆ ಬೇಕು. ಕರೆದರೆ ಬರುತ್ತೇನೆ, ಆದರೆ ಸಿನಿಮಾಕ್ಕಿಂತ ಮೊದಲು ಮಾತಾಡಿಸಿ.

ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದಾರೆ. ಸರ್, ಕೊನೆಯ ದೃಶ್ಯ ಇನ್ನೊಮ್ಮೆ ಹಾಕಿಸಬಹುದಾ? ಎರಡೇ ನಿಮಿಷ. ಅದೇ, ಸರಪಳಿ ಸುತ್ತಿ ಅರಮನೆಯ ಕಂಬ ಎಳೆದು ಬೀಳಿಸುವುದು. ಕಂಬಗಳನ್ನು ನೋಡಬೇಡಿ. ಅವನ ಮೀನಖಂಡ ನೋಡಿ, ಅಷ್ಟೇ. ಲೈಟ್ ಆರಿಸಿ.