ಬೆಂಕಿಬೆಟ್ಟದ ಬಿರುಕಲ್ಲಿ ಪಾಷಾಣದ ಹರಳು

[ದೃಶ್ಯ: ಕೆಜಿಎಫ್‌ನ ಸೈನೈಡ್ ದಿಬ್ಬ. ಗಾಳಿಗೆ ದೂಳು ಏಳುತ್ತಿದೆ.]

ನಮಸ್ಕಾರ. ನನ್ನ ಹಿಂದೆ ಇರುವುದು ಸೈನೈಡ್ ದಿಬ್ಬ, ಅಂದರೆ ಇಲ್ಲಿನ ಚಿನ್ನದ ಗಣಿಯ ಕಲ್ಲುಪುಡಿಯಿಂದ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ. ಕೋಲಾರದ ಕಡೆಯವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ, ಗಾಳಿ ಬೀಸಿದ ದಿನ ಅದೇ ಮನೆಯೊಳಗೆ ಬಂದು ಪರಿಚಯ ಮಾಡಿಕೊಳ್ಳುತ್ತದೆ. ಆದರೆ ಇವತ್ತಿನ ವಿಷಯ ಸೈನೈಡ್ ಅಲ್ಲ, ಚಿನ್ನವೂ ಅಲ್ಲ. ಆರ್ಸೆನಿಕ್. ನಮ್ಮ ಅಜ್ಜಿ ಪಾಷಾಣ ಅಂತ ಹೇಳಿ ಹೆದರಿಸುತ್ತಿದ್ದರಲ್ಲ, ಅದೇ.

ಈ ಗಣಿಯ ಪಶ್ಚಿಮ ಭಾಗದಲ್ಲಿ ಚಿನ್ನದ ಜೊತೆಗೆ ಆರ್ಸೆನೋಪೈರೈಟ್ ಎಂಬ ಖನಿಜ ಸಿಗುತ್ತಿತ್ತು. ನೋಡಲು ಬೆಳ್ಳಿ ಥರ. ಸುತ್ತಿಗೆಯಲ್ಲಿ ಹೊಡೆದರೆ ಬೆಳ್ಳುಳ್ಳಿ ವಾಸನೆ ಬರುತ್ತದೆ. ದಯವಿಟ್ಟು ಹೊಡೆದು ಮೂಸಿ ನೋಡಬೇಡಿ, ಆ ವಾಸನೆ ಬಂತು ಅಂದರೆ ಪಾಷಾಣ ಮೂಗಿನವರೆಗೂ ಬಂತು ಅಂತಲೇ ಅರ್ಥ. ಇದರಲ್ಲಿ ಆರ್ಸೆನಿಕ್ ಕಬ್ಬಿಣ ಮತ್ತು ಗಂಧಕದ ಜೊತೆ ಕೂತಿದೆ. ಆಮ್ಲಜನಕ ಇಲ್ಲವೇ ಇಲ್ಲ.

ಅದೇ ಆರ್ಸೆನಿಕ್‌ನ ಒಂದು ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ ಬಂದು ಕೂತರೆ ಅದು ಆರ್ಸೆನೇಟ್. ಇದೇನೂ ಅಪರೂಪವಲ್ಲ. ಆರ್ಸೆನೋಪೈರೈಟ್ ಮಳೆಗಾಳಿಗೆ ಸಿಕ್ಕಿ ಕೊಳೆತಾಗ ಸ್ಕೊರೊಡೈಟ್ ಎಂಬ ಆರ್ಸೆನೇಟ್ ಆಗುತ್ತದೆ. ಕಾಯಿಸಿದರೆ ಇದೂ ಬೆಳ್ಳುಳ್ಳಿ ವಾಸನೆಯೇ, ಅದರ ಹೆಸರೂ ಬೆಳ್ಳುಳ್ಳಿಯ ಗ್ರೀಕ್ ಪದದಿಂದಲೇ ಬಂದದ್ದು! ಆದರೆ ಇದರ ಹರಳಿನೊಳಗೆ ನೀರು ಸೇರಿರುತ್ತದೆ. ನೆಲದ ಮೇಲೆ ಸಿಗುವ ಆರ್ಸೆನೇಟ್‌ಗಳಲ್ಲಿ ಬಹಳಷ್ಟು ಹೀಗೆಯೇ. ನೀರಿನ ಸೋಂಕೇ ಇಲ್ಲದೆ, ಬೆಂಕಿಯಲ್ಲಿ ಹುಟ್ಟುವ ಆರ್ಸೆನೇಟ್ ಬೇಕು ಅಂದರೆ ತುಂಬಾ ದೂರ ಹೋಗಬೇಕು.

[ದೃಶ್ಯ: ನಕ್ಷೆ. ರಷ್ಯಾದ ಪೂರ್ವದ ತುದಿ.]

ಇದು ಕಮ್ಚಾಟ್ಕಾ. ಇಲ್ಲಿ ಟೋಲ್ಬಾಚಿಕ್ ಎಂಬ ಬೆಂಕಿಬೆಟ್ಟ ಇದೆ. 1975ರಲ್ಲಿ ಅದರ ಪಕ್ಕದ ನೆಲ ಬಿರಿದು, ಲಾವಾ ಉಕ್ಕಿ, ಕರಿ ಜಲ್ಲಿ ರಾಶಿ ಸುರಿದ ಹಾಗೆ ಹೊಸ ಗುಡ್ಡಗಳೇ ಎದ್ದವು. 1976ರ ಕೊನೆಗೆ ಎಲ್ಲ ನಿಂತಿತು. ನಿಂತಿತು ಅಂದರೆ ಮೇಲೆ ಮಾತ್ರ. ಒಳಗಿನ ಕಾವು ಇನ್ನೂ ಹೋಗಿರಲಿಲ್ಲ. ಗುಡ್ಡದ ಬಿರುಕುಗಳಿಂದ ಬಿಸಿ ಅನಿಲ ಬರುತ್ತಲೇ ಇತ್ತು. ಇಂಥ ಬಿರುಕಿಗೆ ಫ್ಯೂಮರೋಲ್ ಅನ್ನುತ್ತಾರೆ. 2012ರಲ್ಲಿ ಇಗೋರ್ ಪೆಕೋವ್ ಎಂಬ ಖನಿಜ ವಿಜ್ಞಾನಿಯ ತಂಡಕ್ಕೆ ಅಲ್ಲಿ ಒಂದು ಫ್ಯೂಮರೋಲ್ ಸಿಕ್ಕಿತು. ಗುಡ್ಡ ಹುಟ್ಟಿ 37 ವರ್ಷ ಆಗಿತ್ತು, ಬಿರುಕಿನೊಳಗೆ ಇನ್ನೂ ಸುಮಾರು 400 ಡಿಗ್ರಿ ಸೆಲ್ಸಿಯಸ್! ಗೋಡೆ ತುಂಬ ಆರ್ಸೆನೇಟ್ ಹರಳುಗಳಿದ್ದವು, ಅದಕ್ಕೇ ಆರ್ಸೆನಾತ್ನಾಯಾ ಅಂತ ಹೆಸರಿಟ್ಟರು. ಅಲ್ಲೇ ಹತ್ತಿರ ಇರುವ ಇನ್ನೊಂದು ಬಿರುಕಿನ ಹೆಸರು ಯಾದೊವಿತಾಯಾ, ಅಂದರೆ ವಿಷದ್ದು. ಹೆಸರಿಡುವುದರಲ್ಲಿ ಅವರದು ಮುಚ್ಚುಮರೆ ಏನಿಲ್ಲ.

ಹರಳು ಗೋಡೆಗೆ ಹೇಗೆ ಬಂತು? ಪೂಜೆಯ ಕರ್ಪೂರ ನೆನಪಿಸಿಕೊಳ್ಳಿ. ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಿಟ್ಟರೆ ಕೆಲವು ದಿನಕ್ಕೆ ಬಾಟಲಿಯ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಹರಳು ಕಟ್ಟಿರುತ್ತದೆ, ಅಲ್ವಾ? ಕರಗಿ ನೀರಾಗದೆ ನೇರ ಆವಿಯಾಗಿ, ತಣ್ಣಗಿರುವ ಕಡೆ ಮತ್ತೆ ಗಟ್ಟಿಯಾಗುತ್ತದೆ. ಬಿರುಕಿನಲ್ಲೂ ಹಾಗೆ. ಆಳದಿಂದ ಆರ್ಸೆನಿಕ್, ತಾಮ್ರ, ಸೋಡಿಯಂ, ಪೊಟ್ಯಾಸಿಯಂ ಅನಿಲದ ಜೊತೆ ಆವಿಯಾಗಿ ಮೇಲೆ ಬರುತ್ತವೆ. ಆದರೆ ಇಲ್ಲಿ ಕರ್ಪೂರದಲ್ಲಿ ಇಲ್ಲದ ಎರಡು ಕೆಲಸ ನಡೆಯುತ್ತದೆ. ಒಂದು, ಆ ಬಿಸಿ ಅನಿಲ ಬಿರುಕಿನ ಗೋಡೆಯ ಕಲ್ಲನ್ನೇ ತಿಂದು ಅಲ್ಯೂಮಿನಿಯಂ, ಟೈಟೇನಿಯಂ, ಮೆಗ್ನೀಸಿಯಂ ಎಳೆದುಕೊಳ್ಳುತ್ತದೆ, ಇವು ಸುಲಭಕ್ಕೆ ಆವಿಯಾಗುವ ಜಾತಿಯಲ್ಲ. ಎರಡು, ಹೊರಗಿನ ಗಾಳಿ ಬಿರುಕಿನೊಳಗೆ ನುಗ್ಗಿ ಆಮ್ಲಜನಕ ಕೊಡುತ್ತದೆ. ಇದು ತುಂಬಾ ಮುಖ್ಯ, ಕೊನೆಯಲ್ಲಿ ಮತ್ತೆ ಬರುತ್ತೇನೆ.

ತಾಮ್ರ ಜಾಸ್ತಿ ಇರುವುದರಿಂದ ಹರಳುಗಳಲ್ಲಿ ಹಸಿರು ಜಾಸ್ತಿ. ಹುಣಸೆಹಣ್ಣು ಹಾಕಿ ಉಜ್ಜದೆ ಬಿಟ್ಟ ತಾಮ್ರದ ಚೊಂಬು ನೋಡಿದ್ದರೆ ಅಂದಾಜು ಸಿಗುತ್ತದೆ. ಹೆಚ್ಚಿನವು ಉಪ್ಪಿನ ಕಾಳಿಗಿಂತ ಚಿಕ್ಕವು. ಅಲ್ಲಿ ಎರಿಕ್‌ಲಕ್ಸ್‌ಮನೈಟ್, ಕೊಜಿರೆವ್ಸ್ಕೈಟ್ ಅಂತ ಎರಡಿವೆ, ಎರಡೂ ಹಸಿರು. ಎರಡರಲ್ಲೂ ಅದೇ ತಾಮ್ರ, ಅದೇ ಆರ್ಸೆನಿಕ್, ಅದೇ ಆಮ್ಲಜನಕ, ಅಳತೆಯೂ ಅದೇ. ಜೋಡಣೆ ಮಾತ್ರ ಬೇರೆ. ಅದೇ ರಾಗಿ ಹಿಟ್ಟು, ಅದೇ ನೀರು, ಒಂದು ಸಲ ಮುದ್ದೆ, ಒಂದು ಸಲ ರೊಟ್ಟಿ. ಅಲಾರ್ಸೈಟ್ ಅಂತ ಇನ್ನೊಂದು, ಅದರ ಒಳಕಟ್ಟು ನಮ್ಮ ಬೆಣಚುಕಲ್ಲಿನದ್ದೇ, ಸಿಲಿಕಾನ್ ಇರಬೇಕಾದ ಜಾಗದಲ್ಲಿ ಅಲ್ಯೂಮಿನಿಯಂ ಮತ್ತು ಆರ್ಸೆನಿಕ್ ಸರದಿಯಲ್ಲಿ ಕೂತಿವೆ.

ನನಗೆ ಇಷ್ಟವಾದದ್ದು ಕಾಟಿಯಾರ್ಸೈಟ್. ಪೊಟ್ಯಾಸಿಯಂ, ಟೈಟೇನಿಯಂ, ಆರ್ಸೆನಿಕ್, ಆಮ್ಲಜನಕ ಸೇರಿದ್ದು. ಇದೇ ವಸ್ತುವನ್ನು ಪ್ರಯೋಗಾಲಯದಲ್ಲಿ ಮೊದಲೇ ಬೆಳೆಸುತ್ತಿದ್ದರು. ಲೇಸರ್ ಬೆಳಕಿನ ಅಲೆಯ ಉದ್ದ ಬದಲಿಸಲು ಅದನ್ನು ಬಳಸುತ್ತಾರೆ. ಮನುಷ್ಯ ಮಾಡಿದ ವಸ್ತು ಅಂದುಕೊಂಡಿದ್ದು ಆಮೇಲೆ ಈ ಬಿರುಕಿನಲ್ಲಿ ತಾನಾಗಿ ಬೆಳೆದು ಕೂತಿರುವುದು ಕಂಡಿತು.

ಇವುಗಳನ್ನು ತರುವುದೂ ಸುಲಭವಲ್ಲ. ಜೊತೆಗೆ ಬೆಳೆದ ಕೆಲವು ಲವಣಗಳು ಗಾಳಿಯ ತೇವ ತಾಗಿದರೆ ಸಾಕು, ನೀರು ಹೀರಿ ಬೇರೆಯೇ ವಸ್ತು ಆಗಿಬಿಡುತ್ತವೆ. ಮಳೆಗಾಲದಲ್ಲಿ ಡಬ್ಬಿ ಮುಚ್ಚದೆ ಬಿಟ್ಟ ಉಪ್ಪಿನ ಗತಿ. ಅದಕ್ಕೇ ತೆಗೆದ ತಕ್ಷಣ ಗಾಳಿಯಾಡದ ಹಾಗೆ ಕಟ್ಟಿಡಬೇಕು.

[ದೃಶ್ಯ: ಮತ್ತೆ ಕೆಜಿಎಫ್. ಕೈಯಲ್ಲಿ ಕರಿ ಕಲ್ಲು.]

ಈಗ ಆ ಆಮ್ಲಜನಕದ ವಿಷಯ. ಈ ಕರಿ ಕಲ್ಲೂ ಒಂದು ಕಾಲಕ್ಕೆ ಲಾವಾ. ಸುಮಾರು 270 ಕೋಟಿ ವರ್ಷ ಹಳೆಯದು. ಲಾವಾ ಇತ್ತು, ಆರ್ಸೆನಿಕ್ಕೂ ಇತ್ತು. ಹಾಗಾದರೆ ಕೋಲಾರದಲ್ಲೂ ಅವತ್ತು ಇಂಥ ಹರಳು ಹುಟ್ಟಿರಬಹುದಾ? ಇಲ್ಲ. ಭೂಮಿಯ ಗಾಳಿಗೆ ಆಮ್ಲಜನಕ ಸೇರಲು ಶುರುವಾಗಿದ್ದೇ ಸುಮಾರು 240 ಕೋಟಿ ವರ್ಷದ ಹಿಂದೆ. ನಮ್ಮ ಲಾವಾ ಅದಕ್ಕೂ ಸುಮಾರು 30 ಕೋಟಿ ವರ್ಷ ಮುಂಚೆಯೇ ತಣ್ಣಗಾಗಿತ್ತು. ಇಲ್ಲಿನ ಆರ್ಸೆನಿಕ್ ಗಂಧಕದ ಜೊತೆ ಆಳದಲ್ಲೇ ಉಳಿಯಿತು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಅದನ್ನು ಅಗೆಯುವವರೂ ಇಲ್ಲ.

ದೂಳು ಜೋರಾಯಿತು, ಮೈಕ್‌ನಲ್ಲಿ ಬರೀ ಗಾಳಿ ಸದ್ದು. ಕ್ಯಾಮೆರಾ ಮುಚ್ಚಪ್ಪ, ಬಸ್ಸಿಗೆ ಹೊತ್ತಾಯಿತು.