ಗಲಾಟೆ ಯಾವಾಗ ಶುರುವಾಯಿತು?

ಎಲ್ಲರಿಗೂ ನಮಸ್ಕಾರ. ಅಡಿಕೆ ಸುಲಿಯುತ್ತಲೋ ಬೀಡಿ ಕಟ್ಟುತ್ತಲೋ ರೇಡಿಯೋ ಕೇಳುತ್ತಿರುವ ತಾಯಂದಿರಿಗೆ, ನಾಳೆಯ ಪಾಠಕ್ಕೆ ತಯಾರಾಗುತ್ತಿರುವ ಟೀಚರ್‌ಗಳಿಗೆ, ಮಾಷ್ಟ್ರುಗಳಿಗೆ.

ತರಗತಿಯಲ್ಲಿ ಶಿಸ್ತಿನ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ 31 ವರ್ಷ ಕನ್ನಡ ಕಲಿಸಿದವಳು ನಾನು. ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಮಗು ಏನು ಕಿತಾಪತಿ ಮಾಡಿತು ಅಂತ ಆಮೇಲೆ ಕೇಳಿ, ಯಾವಾಗ ಮಾಡಿತು ಅಂತ ಮೊದಲು ನೋಡಿ.

ಒಬ್ಬ ಹುಡುಗನ ಕತೆ ಹೇಳುತ್ತೇನೆ. ಆರನೇ ತರಗತಿ, ಕೊನೆಯ ಬೆಂಚು, ಗೋಡೆಯ ಬದಿ. ಕನ್ನಡ ಪಿರಿಯಡ್‌ನಲ್ಲಿ ಮೊದಲು ಅವನ ಕಂಪಾಸು ಪೆಟ್ಟಿಗೆ ಧಡ್ ಅಂತ ಕೆಳಗೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಆಡು ಕೂಗಿದ ಹಾಗೆ ಒಂದು "ಮ್ಯಾ..." ಇಡೀ ಕ್ಲಾಸು ಹೋ ಅಂತ ನಗುವುದು, ನಾನು "ಹೊರಗೆ ನಡಿ" ಅನ್ನುವುದು, ಅವನು ಚೀಲ ಕೂಡ ಮುಟ್ಟದೆ ಆರಾಮಾಗಿ ಹೋಗಿ ಜಗಲಿಯ ಕಂಬಕ್ಕೆ ಒರಗಿ ನಿಲ್ಲುವುದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಇದೇ ನಡೆಯಿತು. ಸ್ಟಾಫ್ ರೂಮಿನಲ್ಲಿ ಅವನಿಗೆ ಪೋಕರಿ ಅಂತಲೇ ಹೆಸರು. ಆ ಹೆಸರನ್ನು ನಾನೂ ಹೇಳಿದ್ದೇನೆ.

ಒಂದು ದಿನ ಮುಂದಿನ ಎರಡು ಬೆಂಚಿನ ಮಕ್ಕಳು ಉಪಜಿಲ್ಲಾ ಕಲೋತ್ಸವಕ್ಕೆ ಹೋಗಿದ್ದರು. ನಾನು ಯಾವಾಗಲೂ ಪಾಠ ಓದಿಸುವುದು ಮುಂದಿನಿಂದ, ಒಬ್ಬೊಬ್ಬರಿಗೆ ನಾಲ್ಕು ಸಾಲು. ಅವತ್ತು ಮುಂದೆ ಯಾರೂ ಇಲ್ಲ, ಸರಿ, ಹಿಂದಿನಿಂದ ಶುರು ಮಾಡೋಣ ಅಂದೆ. ಅಷ್ಟೇ. ದಿನಾ ಇಪ್ಪತ್ತು ನಿಮಿಷ ಕಳೆದ ಮೇಲೆ ಬರುವ ಆ "ಮ್ಯಾ", ಅವತ್ತು ನಾನು ಪುಟ ತಿರುಗಿಸುವ ಮೊದಲೇ ಬಂತು!

ನನಗೆ ಆಗ ಹೊಳೆಯಿತು. ಇವನ ಆಡು ಕೂಗುವುದು ಓದುವ ಸರದಿ ಹತ್ತಿರ ಬಂದಾಗ ಮಾತ್ರ. ನಾನು ಕೊಡುತ್ತಿದ್ದ ಶಿಕ್ಷೆಯೇ ಅವನಿಗೆ ಬೇಕಾಗಿತ್ತು. ಹೊರಗೆ ಹೋದರೆ ಓದಬೇಕಾಗಿಲ್ಲ ಅಲ್ವಾ?

ಮಧ್ಯಾಹ್ನ ಊಟ ಆದ ಮೇಲೆ ಅವನನ್ನು ಹತ್ತಿರ ಕೂರಿಸಿಕೊಂಡು ಪುಸ್ತಕ ತೆರೆದು ನೋಡಿದೆ. ಮೊದಲನೇ ಪಾಠದ ಪ್ರತಿ ಕನ್ನಡ ಪದದ ಮೇಲೂ ಪೆನ್ಸಿಲ್‌ನಲ್ಲಿ ಇರುವೆ ಸಾಲಿನ ಹಾಗೆ ಸಣ್ಣ ಸಣ್ಣ ಮಲಯಾಳ ಅಕ್ಷರ. ಎರಡನೇ ಪಾಠದ ಅರ್ಧದಲ್ಲಿ ಅದು ನಿಂತಿತ್ತು. ಮನೆಮಾತು ತುಳು. ಅಪ್ಪ ಕಾಞಂಗಾಡಿನಲ್ಲಿ ಹೋಟೆಲು ಕೆಲಸದಲ್ಲಿದ್ದಾಗ ನಾಲ್ಕನೆಯವರೆಗೆ ಮಲಯಾಳ ಮಾಧ್ಯಮ, ಆಮೇಲೆ ಊರಿಗೆ ಬಂದು ನೇರ ಕನ್ನಡಕ್ಕೆ. ಒತ್ತಕ್ಷರ ಬಂದರೆ ಅವನ ನಾಲಿಗೆ ನಿಂತೇಬಿಡುತ್ತಿತ್ತು. ಐದನೆಯ ಇಡೀ ವರ್ಷ ಅದನ್ನು ಯಾರಿಗೂ ತಿಳಿಯದ ಹಾಗೆ ಮುಚ್ಚಿಟ್ಟಿದ್ದ. ಹನ್ನೊಂದು ವರ್ಷದ ಮಗು!

ನಾನು ಮಾಡಿದ್ದು ಇಷ್ಟೇ. ನಾಳೆ ನಿನಗೆ ಬರುವ ನಾಲ್ಕು ಸಾಲು ಇವು ಅಂತ ಹಿಂದಿನ ದಿನವೇ ಗುರುತು ಹಾಕಿ ಕೊಡುತ್ತಿದ್ದೆ, ಎರಡು ಸಲ ಜೊತೆಗೆ ಓದುತ್ತಿದ್ದೆ. ಕ್ರಿಸ್‌ಮಸ್ ರಜೆ ಹತ್ತಿರ ಬರುವಾಗ ಆಡಿನ ಸದ್ದು ನಿಂತಿತ್ತು. ಸೀಮೆಸುಣ್ಣ ಎಸೆಯುವುದು ನಿಲ್ಲಲಿಲ್ಲ, ಅದು ಬೇರೆ ವಿಷಯ, ಆ ವಯಸ್ಸಿನವರು ಎಸೆಯುತ್ತಾರೆ.

ಈ ಕತೆ ಹೇಳಿದರೆ ಕೆಲವು ಹಿರಿಯ ಮಾಷ್ಟ್ರುಗಳು, ಬೆತ್ತ ಹೋಯಿತು ಟೀಚರೇ, ಅದರೊಟ್ಟಿಗೆ ಶಿಸ್ತೂ ಹೋಯಿತು ಅನ್ನುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮಿನ ಪ್ರಕಾರ ಮಗುವಿಗೆ ಹೊಡೆಯುವ ಹಾಗಿಲ್ಲ, ಮನಸ್ಸಿಗೆ ಹಿಂಸೆ ಕೊಡುವ ಹಾಗೂ ಇಲ್ಲ. 2010ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಇನ್ನೂ ಇದರ ಚರ್ಚೆ ಯಾಕೆ? ನಾಗರಬೆತ್ತದಲ್ಲಿ ಹೊಡೆದಿದ್ದರೆ ಆ ಹುಡುಗನಿಗೆ ಒತ್ತಕ್ಷರ ಬರುತ್ತಿತ್ತಾ?

ನಮ್ಮ ಗಡಿನಾಡಿನಲ್ಲಿ ಇದನ್ನು ಇನ್ನೂ ಜಾಸ್ತಿ ನೋಡಬೇಕು. ಒಂದೇ ಬೆಂಚಿನಲ್ಲಿ ತುಳುವಿನ ಮಗು, ಬ್ಯಾರಿ ಮಗು, ಹವ್ಯಕ ಕನ್ನಡದ ಮಗು, ಕೊಂಕಣಿ, ಮರಾಠಿ, ಮಲಯಾಳ. ಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯಲ್ಲೂ ಇಲ್ಲ. ಅದರ ಮೇಲೆ ಕನ್ನಡವೇ ಬಾರದವರನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತವೋ ವಿಜ್ಞಾನವೋ ಕಲಿಸಲು ಹಾಕುತ್ತಾರೆ. ಇದರ ವಿರುದ್ಧ ಮಕ್ಕಳೂ ತಂದೆತಾಯಿಗಳೂ ಶಾಲೆಯ ಮುಂದೆ ಕೂತದ್ದನ್ನು ನೀವೆಲ್ಲ ಕಂಡಿದ್ದೀರಿ. ಪಾಠದ ಒಂದು ಮಾತೂ ತಿಳಿಯದೆ ನಲ್ವತ್ತು ನಿಮಿಷ ಸುಮ್ನೆ ಕೂರಲು ನಮ್ಮಿಂದ ಆಗುತ್ತದಾ? ಅಂಥ ತರಗತಿಯಲ್ಲಿ ಗಲಾಟೆ ಆದರೆ ಮಕ್ಕಳನ್ನು ಬೈಯಬೇಡಿ.

ಮೊಬೈಲ್ ಬಗ್ಗೆಯೂ ಹೇಳಬೇಕೆಂದಿದ್ದೆ, ಸಮಯ ಆಗಿಬಿಟ್ಟಿದೆ. ತಾಯಂದಿರಲ್ಲಿ ಒಂದು ವಿನಂತಿ. ಪಿಟಿಎ ಮೀಟಿಂಗಿಗೆ ಬಂದು "ಎರಡು ಬಿಡಿ ಟೀಚರೇ, ನಾವೇನೂ ಹೇಳುವುದಿಲ್ಲ" ಅನ್ನಬೇಡಿ. ಮಗು ಯಾವ ಪಾಠಕ್ಕೆ ಹೆದರುತ್ತದೆ ಅಂತ ಹೇಳಿ, ಅದು ನಿಮಗೆ ಗೊತ್ತಿರುತ್ತದೆ.

ಟೀಚರ್‌ಗಳೇ, ಮಾಷ್ಟ್ರುಗಳೇ, ನಾಳೆ ಹಾಜರಿ ಪುಸ್ತಕದ ಜೊತೆ ಒಂದು ಚೂರು ಕಾಗದ ಇಟ್ಟುಕೊಳ್ಳಿ. ಗಲಾಟೆ ಶುರುವಾದ ಕೂಡಲೇ ಗಂಟೆ ನೋಡಿ, ಆಗ ನೀವು ಏನು ಮಾಡಿಸುತ್ತಿದ್ದಿರಿ ಅಂತ ಒಂದು ಸಾಲು ಬರೆಯಿರಿ. ಹೆಸರು ಬರೆಯಬೇಡಿ. ಹತ್ತು ದಿನ ಬರೆದು ಆಮೇಲೆ ಓದಿ ನೋಡಿ. ನಮಸ್ಕಾರ.