ಶಾರ್ಕ್ ಎಷ್ಟು ಹೊತ್ತು ಕಾಣಬೇಕು?

ಎಲ್ಲರಿಗೂ ನಮಸ್ಕಾರ.

ಹಾರರ್, ಥ್ರಿಲ್ಲರ್ ಸಿನಿಮಾಗಳ ಎಡಿಟಿಂಗ್ ಬಗ್ಗೆ ಮಾತಾಡಿ ಎಂದಾಗ ನನಗೆ ಮೊದಲು ನೆನಪಾದದ್ದು ವರ್ನಾ ಫೀಲ್ಡ್ಸ್. 1975ರ 'ಜಾಸ್' ಚಿತ್ರವನ್ನು ಎಡಿಟ್ ಮಾಡಿದವರು. ಆ ಶಾರ್ಕ್ ಸಿನಿಮಾ ಅಂದ ಕೂಡಲೇ ನಿರ್ದೇಶಕ ಸ್ಪೀಲ್‌ಬರ್ಗ್ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ಈ ಹೆಂಗಸಿನ ಹೆಸರೂ ಜೊತೆಗೇ ಬರಬೇಕು ಅಂತ ನನ್ನ ಆಸೆ.

ವರ್ನಾ ಅವರ ಗಂಡನೂ ಎಡಿಟರ್. 1954ರಲ್ಲಿ ತೀರಿಕೊಂಡರು. ಸಾಕಬೇಕಾದ ಮಕ್ಕಳಿಬ್ಬರು. ವರ್ನಾ ಮನೆಯಲ್ಲೇ ಎಡಿಟಿಂಗ್ ಕೋಣೆ ಮಾಡಿಕೊಂಡು, ರಾತ್ರಿ ಕೂತು ಟೀವಿ ಧಾರಾವಾಹಿಗಳ ಸೌಂಡ್ ಎಡಿಟಿಂಗ್ ಮಾಡಿದರು. ಆಮೇಲೆ ಸಿನಿಮಾ, ಪಾಠ ಹೇಳುವ ಕೆಲಸ. ಸದ್ದಿನಿಂದ ಶುರು ಮಾಡಿದವರಿಗೆ ನೋಡುವವರನ್ನು ಕಾಯುವಂತೆ ಮಾಡುವುದು ಹೇಗೆ ಅಂತ ಚೆನ್ನಾಗಿ ಗೊತ್ತಿರುತ್ತದೆ ಎಂದು ನಾನು ನಂಬಿದ್ದೇನೆ.

'ಜಾಸ್' ಶೂಟಿಂಗ್ 55 ದಿನದಲ್ಲಿ ಮುಗಿಯಬೇಕಿತ್ತು, 159 ದಿನ ಎಳೆಯಿತು. ಯಂತ್ರದ ಶಾರ್ಕ್ ಸಮುದ್ರಕ್ಕಿಳಿದರೆ ಕೆಡುತ್ತಿತ್ತು. ಉಪ್ಪುನೀರು ಯಂತ್ರವನ್ನು ಏನು ಮಾಡುತ್ತದೆ ಅಂತ ಮಲ್ಪೆಯವರಿಗೆ ನಾನು ಹೇಳಬೇಕಾಗಿಲ್ಲ. ಒಂದು ಶಾಟ್‌ನಲ್ಲಿ ಬಿಸಿಲು, ಮುಂದಿನದರಲ್ಲಿ ಮೋಡ. ಇವನ್ನೆಲ್ಲ ಒಂದೇ ದಿನದ ಕಥೆಯಂತೆ ಜೋಡಿಸಬೇಕಾದದ್ದು ವರ್ನಾ.

ಸ್ಪೀಲ್‌ಬರ್ಗ್ ಮುಂದೆ ನೆನಪಿಸಿಕೊಂಡ ಒಂದು ಮಾತಿದೆ. ಶಾರ್ಕ್ 36 ಫ್ರೇಮ್ ಕಂಡರೆ ನಿಜ ಅನ್ನಿಸುತ್ತಿತ್ತು, 38 ಆದರೆ ಬಣ್ಣ ಬಯಲು. ಫ್ರೇಮ್ ಅಂದರೆ ಸಿನಿಮಾದ ಒಂದೊಂದು ಬಿಡಿ ಚಿತ್ರ, ಸೆಕೆಂಡಿಗೆ 24. ಅಂದರೆ ಒಂದೂವರೆ ಸೆಕೆಂಡ್ ತೋರಿಸಬಹುದು, ಅದಕ್ಕಿಂತ ಕಣ್ಣು ಮಿಟುಕಿಸುವಷ್ಟೂ ಜಾಸ್ತಿ ಆಗಬಾರದು! ಶಾರ್ಕ್ ಸರಿಯಾಗಿ ಮೇಲೆದ್ದು ಕಾಣುವುದು ಸಿನಿಮಾ ಒಂದು ಗಂಟೆ ದಾಟಿದ ಮೇಲೆಯೇ.

ನಿದ್ದೆಗೆಟ್ಟು ಯಕ್ಷಗಾನದ ಆಟ ನೋಡಿದವರಿಗೆ ಇದು ಹೊಸತಲ್ಲ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವ ಮೊದಲು ತೆರೆ ಹಿಡಿಯುತ್ತಾರೆ. ಹಿಂದಿನಿಂದ ಆರ್ಭಟ, ಚೆಂಡೆಯ ಪೆಟ್ಟು. ಕಿರೀಟದ ತುದಿ ಮಾತ್ರ ಕಾಣುತ್ತದೆ. ಮುಂದೆ ಕೂತ ಮಕ್ಕಳು ಅಮ್ಮನ ಸೆರಗು ಹಿಡಿಯುವುದು ಆಗಲೇ ಅಲ್ವಾ?

ಈ ಚಿತ್ರಕ್ಕೆ ವರ್ನಾ ಅವರಿಗೆ ಆಸ್ಕರ್ ಬಂತು. ಬೇಗನೇ ಯೂನಿವರ್ಸಲ್ ಸ್ಟುಡಿಯೋ ಅವರನ್ನು ಉಪಾಧ್ಯಕ್ಷೆ ಮಾಡಿತು. 1982ರಲ್ಲಿ ತೀರಿಕೊಂಡರು. 'ಜಾಸ್' ಅವರು ಎಡಿಟ್ ಮಾಡಿದ ಕೊನೆಯ ಸಿನಿಮಾ.

ನಮ್ಮ ಕಡೆಯ ಹುಡುಗರು ಪ್ರವೀಣ್ ಶ್ರಿಯಾನ್ ಅವರ ಕೆಲಸವನ್ನೂ ಕೂತು ನೋಡಬೇಕು. 2017ರ 'ಒಂದು ಮೊಟ್ಟೆಯ ಕಥೆ', 2021ರ 'ಗರುಡ ಗಮನ ವೃಷಭ ವಾಹನ', ಎರಡಕ್ಕೂ ಕ್ಯಾಮರಾ, ಎಡಿಟಿಂಗ್ ಎರಡೂ ಅವರದೇ. ಒಂದು ನಗಿಸುವ ಸಿನಿಮಾ, ಇನ್ನೊಂದು ಮಂಗಳೂರಿನ ಮಂಗಳಾದೇವಿ ಕಡೆಯ ರೌಡಿಗಳ ಕಥೆ. ನಗು ಬರುವುದೂ ಸಮಯದಿಂದಲೇ, ಭಯ ಬರುವುದೂ ಸಮಯದಿಂದಲೇ. ಒಂದರಲ್ಲಿ ಕೈ ಪಳಗಿದವರು ಇನ್ನೊಂದನ್ನು ಸಲೀಸಾಗಿ ಹಿಡಿಯುತ್ತಾರೆ.

ಈಗ 'ಜಾಸ್'ನ ಬೀಚ್ ದೃಶ್ಯ ಹಾಕುತ್ತೇನೆ. ಪೊಲೀಸ್ ಅಧಿಕಾರಿ ನೀರಿನ ಕಡೆ ನೋಡುತ್ತಾ ಕೂತಿದ್ದಾನೆ. ಅವನ ಮುಂದೆ ಜನ ಅಡ್ಡ ಹಾದುಹೋಗುತ್ತಾರೆ. ಹಾಗೆ ಯಾರೋ ಅಡ್ಡ ಬಂದ ಕ್ಷಣದಲ್ಲೇ ಕಟ್ ಬೀಳುತ್ತದೆ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುತ್ತದೆ. ಅವರು ಸರಿದಾಗ ಅವನ ಮುಖ ಇನ್ನಷ್ಟು ಹತ್ತಿರ ಬಂದಿರುತ್ತದೆ. ಕಥೆ ಬಿಡಿ, ಕಟ್ ಎಲ್ಲೆಲ್ಲಿದೆ ಅಂತ ಮಾತ್ರ ಹುಡುಕಿ. ಮೊದಲು ಸದ್ದಿಲ್ಲದೆ ಹಾಕುತ್ತೇನೆ, ಆಮೇಲೆ ಸದ್ದಿನ ಜೊತೆ. ಹಿಂದಿನ ಸಾಲಿನವರು ಮುಂದೆ ಬಂದು ಕೂತರೆ ಒಳ್ಳೆಯದು.